‘ಅಡ್ಡಿಯಿಲ್ಲ’ ಎನ್ನುವವರ ಲೆಕ್ಕ

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ವಿಚಿತ್ರ ಸಂಗತಿ ಗೋಚರಿಸುತ್ತದೆ. 2017ರ ಜುಲೈಯಿಂದ 2018ರ ಜೂನ್‌ವರೆಗೆ ನಡೆದ 75ನೇ ಸುತ್ತಿನ ಸಮೀಕ್ಷೆಯಲ್ಲಿ, ಹಿಂದಿನ 15 ದಿನಗಳಲ್ಲಿ ಯಾವುದಾದರೂ ಕಾಯಿಲೆಯಿತ್ತೇ ಎಂದು ದೇಶದ ಮನೆಮನೆಗಳಲ್ಲಿ ಕೇಳಲಾಯಿತು. ಗ್ರಾಮಾಂತರದಲ್ಲಿ ನೂರು ಗಂಡಸರಲ್ಲಿ 6.1 ಮಂದಿಗೆ ಕಾಯಿಲೆಯಿದ್ದರೆ, ಹೆಂಗಸರಲ್ಲಿ 7.6 ಮಂದಿಗೆ ಇತ್ತು. ನಗರಗಳಲ್ಲಿ ಈ ಪ್ರಮಾಣ ಕ್ರಮವಾಗಿ 8.2 ಮತ್ತು 10.0. ಹೆಂಗಸರ ಅಸ್ವಾಸ್ಥ್ಯ ಎರಡೂ ಕಡೆ ಹೆಚ್ಚು. ಇದರ ಬೆನ್ನಿಗೇ, 2018ರ ಜುಲೈಯಿಂದ ಡಿಸೆಂಬರ್‌ವರೆಗೆ, ಅದೇ ಸಂಸ್ಥೆ 76ನೇ ಸುತ್ತಿನಲ್ಲಿ ಅಂಗವೈಕಲ್ಯದ ಕುರಿತು ವಿಚಾರಿಸಿತು. ಆಗ ಗಂಡಸರಲ್ಲಿ ಶೇಕಡಾ 2.4, ಹೆಂಗಸರಲ್ಲಿ ಶೇಕಡಾ 1.9 ಎಂಬ ಉತ್ತರ ದೊರೆಯಿತು.

ಹೆಚ್ಚು ಕಾಯಿಲೆ ಬೀಳುವವರಲ್ಲಿ ವೈಕಲ್ಯ ಕಡಿಮೆಯೆ? 2011ರ ಜನಗಣತಿಯೂ ಹಾಗೆಯೇ ಹೇಳುತ್ತದೆ. ದೇಶದ 2.68 ಕೋಟಿ ವಿಕಲಚೇತನರಲ್ಲಿ ಗಂಡಸರು 1.50 ಕೋಟಿ, ಹೆಂಗಸರು 1.18 ಕೋಟಿ. ಇದು ಅಂಕಿಸಂಖ್ಯೆಯ ಪಂಡಿತರಿಗೆ ಮಾತ್ರ ಸಂಬಂಧಿಸಿದ ಕುತೂಹಲವಾಗಿದ್ದರೆ ಈ ಅಂಕಣದಲ್ಲಿ ಅದಕ್ಕೆ ಎಡೆಯಿರುತ್ತಿರಲಿಲ್ಲ. ಆದರೆ ಇಂಥ ಲೆಕ್ಕಗಳ ಆಧಾರದ ಮೇಲೆಯೇ ಪಿಂಚಣಿಗೆ ಹಣ ಮೀಸಲಾಗುತ್ತದೆ, ಆಸ್ಪತ್ರೆಗಳಲ್ಲಿ ವಿಭಾಗಗಳು ತೆರೆಯುತ್ತವೆ, ಯೋಜನೆಗಳು ರೂಪುಗೊಳ್ಳುತ್ತವೆ. ಲೆಕ್ಕಕ್ಕೆ ಸಿಗದ ನೋವು ಕಾನೂನಿನ ಕಣ್ಣಿಗೂ ಬೀಳುವುದಿಲ್ಲ.

ಹೆಚ್ಚು ಬಾಳುವವರು, ಹೆಚ್ಚು ಬಳಲುವವರು

ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬದುಕುತ್ತಾರೆ. ಬದುಕಿರುವಷ್ಟು ಕಾಲವೂ ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದು ಹೆಚ್ಚಾಗಿ ಹೇಳುತ್ತಾರೆ. ಜಗತ್ತಿನ ಬಹುತೇಕ ದೇಶಗಳಲ್ಲಿ ಕಂಡುಬಂದಿರುವ ಈ ವೈಪರೀತ್ಯವನ್ನು ನೋಡಲು ಕಾಸರಗೋಡಿನವರಾದ ನಾವು ದೂರ ಹೋಗಬೇಕಾಗಿಲ್ಲ. ನಾವಿರುವ ಕೇರಳವೇ ಅದಕ್ಕೆ ಪಠ್ಯಪುಸ್ತಕದ ಉದಾಹರಣೆ. ಇಲ್ಲಿ ಹೆಂಗಸರ ನಿರೀಕ್ಷಿತ ಆಯುಸ್ಸು ಸುಮಾರು 78 ವರ್ಷ, ಗಂಡಸರದು ಸುಮಾರು 72. ಶಿಶುಮರಣ, ಬಾಣಂತಿ ಮರಣ, ಅಕ್ಷರಜ್ಞಾನ ಮೊದಲಾದ ಯಾವ ಅಳತೆಯಲ್ಲಿ ನೋಡಿದರೂ ಕೇರಳ ದೇಶದ ಮುಂಚೂಣಿಯಲ್ಲಿದೆ. ಆದರೆ ಮೇಲೆ ಹೇಳಿದ 75ನೇ ಸುತ್ತಿನಲ್ಲಿ ‘ಕಾಯಿಲೆಯುಂಟು’ ಎಂದವರ ಪ್ರಮಾಣ ಇಡೀ ದೇಶದಲ್ಲಿ ಶೇಕಡಾ 7.5 ಆಗಿದ್ದರೆ ಕೇರಳದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಹಾಗೆ ಹೇಳಿದ್ದರು. ಅತ್ಯಂತ ಆರೋಗ್ಯವಂತ ರಾಜ್ಯವೇ ಅತ್ಯಂತ ರೋಗಗ್ರಸ್ತವೆಂದು ತನ್ನನ್ನು ತಾನು ಕರೆದುಕೊಂಡಿತು.

ಇದಕ್ಕೆ ಕಾರಣಗಳು ಒಂದಕ್ಕಿಂತ ಹೆಚ್ಚು. ಮುದುಕರ ಸಂಖ್ಯೆ ಹೆಚ್ಚಿರುವಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಗಂಟುನೋವು ಹೆಚ್ಚುವುದು ಸಹಜ. ಆಸ್ಪತ್ರೆ ಹತ್ತಿರವಿದ್ದು, ಪರೀಕ್ಷೆ ಸುಲಭವಾಗಿ ಆಗುವಲ್ಲಿ ಕಾಯಿಲೆಗೆ ಹೆಸರು ಸಿಗುತ್ತದೆ. ಹೆಸರು ಸಿಕ್ಕ ಮೇಲೆ ಅದನ್ನು ಹೇಳುವುದಕ್ಕೂ ಬರುತ್ತದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಇದನ್ನೇ ಎತ್ತಿ ತೋರಿಸಿದ್ದರು. ಆಯುಸ್ಸು ಕಡಿಮೆಯಿರುವ ಬಿಹಾರದವರು ಕಾಯಿಲೆಯನ್ನು ಕಡಿಮೆ ಹೇಳುತ್ತಾರೆ, ಕೇರಳದವರು ಹೆಚ್ಚು ಹೇಳುತ್ತಾರೆ, ಅಮೆರಿಕದವರು ಕೇರಳದವರಿಗಿಂತಲೂ ಹೆಚ್ಚು ಹೇಳುತ್ತಾರೆ. ಶಾಲೆಯೂ ವೈದ್ಯರೂ ಇಲ್ಲದಲ್ಲಿ ದೇಹದ ಕಷ್ಟವು ಸ್ವಾಭಾವಿಕವೆಂಬಂತೆ ಒಗ್ಗಿಹೋಗಿರುತ್ತದೆ ಎಂಬುದು ಅವರ ವಾದದ ತಿರುಳು.

ಸೇನ್ ಹಲವೆಡೆ ಉಲ್ಲೇಖಿಸಿದ ಇನ್ನೊಂದು ಹಳೆಯ ಸಮೀಕ್ಷೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಬಂಗಾಳದ ಭೀಕರ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯು ಸಮೀಪದ ಸಿಂಗೂರಿನಲ್ಲಿ ಜನರ ಆರೋಗ್ಯ ವಿಚಾರಿಸಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ಶೇಕಡಾ 48.5 ಮಂದಿ ತಮಗೆ ಕಾಯಿಲೆಯಿದೆ ಅಥವಾ ಆರೋಗ್ಯ ಅಷ್ಟಕ್ಕಷ್ಟೇ ಎಂದರು. ವಿಧವೆಯರಲ್ಲಿ ಹಾಗೆಂದವರು ಶೇಕಡಾ 2.5 ಮಾತ್ರ. ಆ ಕಾಲದ ಬಂಗಾಳದಲ್ಲಿ ವಿಧವೆಯ ಊಟ, ಉಡುಗೆ, ಸ್ಥಾನಮಾನ ಹೇಗಿದ್ದವೆಂದು ಬಲ್ಲವರಾರೂ ಅವರು ವಿಧುರರಿಗಿಂತ ಆರೋಗ್ಯವಂತರಾಗಿದ್ದರೆಂದು ನಂಬಲಾರರು. ಕಾಯಿಲೆಯಿದೆ ಎನ್ನಲು ದೇಹದಲ್ಲಿ ನೋವಿದ್ದರೆ ಸಾಲದು. ಆ ನೋವನ್ನು ಹೇಳಿಕೊಳ್ಳುವ ಹಕ್ಕು ತನಗುಂಟೆಂಬ ಭಾವನೆಯೂ ಬೇಕು. ಸಿಂಗೂರಿನ ವಿಧವೆಯರಿಗೆ ಅದಿರಲಿಲ್ಲ.

ಹಾಗಾದರೆ ಇಂದಿನ ಹೆಂಗಸರು ಹೆಚ್ಚು ಹೇಳುತ್ತಿರುವುದು ದೂರುವ ಸ್ವಭಾವದಿಂದಲೋ, ನಿಜವಾಗಿಯೂ ಹೆಚ್ಚು ಕಾಯಿಲೆಯಿರುವುದರಿಂದಲೋ? ‘ಹೆಂಗಸರಿಗೆ ದಿನಾ ಒಂದು ನೋವು’ ಎಂದು ಜಗಲಿಯಲ್ಲಿ ಕುಳಿತು ನಗುವವರು ಗಮನಿಸಬೇಕಾದ ಒಂದು ಅಧ್ಯಯನವಿದೆ. ಅಮೆರಿಕದ ಆನ್ ಕೇಸ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ ಎಂಬ ಅರ್ಥಶಾಸ್ತ್ರಜ್ಞೆಯರು 2005ರಲ್ಲಿ ತಮ್ಮ ದೇಶದ ಆರೋಗ್ಯ ಸಮೀಕ್ಷೆಗಳನ್ನು ಪರಿಶೀಲಿಸಿದರು. ಹೆಂಗಸರಲ್ಲಿ ತಲೆನೋವು, ಸಂಧಿವಾತ, ಖಿನ್ನತೆಯಂಥ ದೀರ್ಘಕಾಲದ ತೊಂದರೆಗಳು ಹೆಚ್ಚು. ಅವರ ಆರೋಗ್ಯ ಕೆಟ್ಟದೆಂಬ ಹೇಳಿಕೆಗೆ ಆ ಕಾಯಿಲೆಗಳೇ ಪೂರ್ಣ ವಿವರಣೆ ಎಂದು ಅವರು ಕಂಡುಕೊಂಡರು. ಒಂದೇ ಕಾಯಿಲೆಯುಳ್ಳ ಗಂಡಸನ್ನೂ ಹೆಂಗಸನ್ನೂ ಕೇಳಿದರೆ ಉತ್ತರದಲ್ಲಿ ಅಂತರ ಕಾಣಲಿಲ್ಲ. ಇನ್ನು, ಸ್ವಂತ ಆರೋಗ್ಯದ ಬಗ್ಗೆ ವ್ಯಕ್ತಿ ಹೇಳುವ ಒಂದು ಮಾತು ಎಷ್ಟು ತೂಕದ್ದೆಂಬುದನ್ನು 1997ರಲ್ಲಿ ಎಲೆನ್ ಇಡ್ಲರ್ ಮತ್ತು ಯೇಲ್ ಬೆನ್ಯಾಮಿನಿ 27 ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು. ‘ನನ್ನ ಆರೋಗ್ಯ ಚೆನ್ನಾಗಿಲ್ಲ’ ಎಂದವರು ಮುಂದಿನ ವರ್ಷಗಳಲ್ಲಿ ಸಾಯುವ ಸಂಭವ, ವೈದ್ಯಕೀಯ ತಪಾಸಣೆಯ ಫಲಿತಾಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹೆಚ್ಚಾಗಿಯೇ ಇತ್ತು. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಇದು ತಳ್ಳಿಹಾಕಬಹುದಾದ ಸಾಕ್ಷ್ಯವಲ್ಲ.

ಗಂಡಸರ ಪಾಲಿಗೂ ಇದರಲ್ಲಿ ಎಚ್ಚರಿಕೆಯುಂಟು. ಎದೆ ಹಿಡಿದುಕೊಂಡು ಕುಸಿಯುವವರೆಗೆ ‘ನನಗೇನೂ ಇಲ್ಲ’ ಎನ್ನುವ ಗೃಹಸ್ಥರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಕೇರಳದ ಗಂಡು ಹೆಣ್ಣುಗಳ ಆಯುಸ್ಸಿನ ನಡುವಿರುವ ಆರು ವರ್ಷಗಳ ಅಂತರದಲ್ಲಿ ಹೊಗೆಬತ್ತಿ, ಮದ್ಯ, ಅಪಘಾತಗಳ ಜತೆಗೆ ಈ ಮೌನಕ್ಕೂ ಪಾಲುಂಟು.

ನೋವಿನ ಮೂಲಗಳು

ಹೆಂಗಸರ ಅಸ್ವಾಸ್ಥ್ಯದ ಹಿಂದಿರುವ ಸಂಗತಿಗಳು ನಿಗೂಢವೇನಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತ ಪರೀಕ್ಷಿಸಿ ನೋಡಿದಾಗ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25 ಮಂದಿಗೆ. ಕೇರಳದಲ್ಲಿ ಸ್ಥಿತಿ ಉತ್ತಮ. ಆದರೂ ಮೂವರು ಹೆಂಗಸರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ರಕ್ತಹೀನರು. ಇಲ್ಲಿ ಯಾರೂ ಏನನ್ನೂ ‘ಹೇಳಿಕೊಂಡಿಲ್ಲ’. ಸೂಜಿಯ ಮೊನೆಯಲ್ಲಿ ಬಂದ ಹನಿ ರಕ್ತ ಹೇಳಿದ ಮಾತು ಇದು. ಮೆಟ್ಟಿಲೇರುವಾಗ ಏದುಸಿರು, ಮಧ್ಯಾಹ್ನಕ್ಕೇ ಕಣ್ಣು ಕತ್ತಲೆ, ಸದಾ ಸುಸ್ತು ಎಂದು ಒಬ್ಬಾಕೆ ಹೇಳಿದರೆ ಅದು ಸೋಮಾರಿತನದ ಲಕ್ಷಣವಲ್ಲ.

ಎರಡನೆಯದು ದುಡಿಮೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷ ಕಳೆಯುತ್ತಾಳೆ. ತೊಡಗುವ ಗಂಡಸು 97 ನಿಮಿಷ. ತೊಡಗುವವರ ಪ್ರಮಾಣದಲ್ಲೂ ಅಂತರ ದೊಡ್ಡದು: ಹೆಂಗಸರಲ್ಲಿ ಶೇಕಡಾ 81, ಗಂಡಸರಲ್ಲಿ ಶೇಕಡಾ 26. ನಮ್ಮ ಜಿಲ್ಲೆಯಲ್ಲಿ ಇದರ ಮೇಲೆ ಬೀಡಿಯ ಸೂಪು ಬೇರೆ. ವರ್ಷಾನುಗಟ್ಟಲೆ ತೊಡೆಯ ಮೇಲೆ ಸೂಪಿಟ್ಟು, ಕುತ್ತಿಗೆ ಬಗ್ಗಿಸಿ, ತಂಬಾಕಿನ ಧೂಳಿನ ನಡುವೆ ಬೀಡಿ ಕಟ್ಟಿದ ಕೈಗಳು. ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅಡಕೆ ಸುಲಿದ ಮೊಣಕಾಲುಗಳು. ಗುಡ್ಡದ ಕೆಳಗಿನಿಂದ ನೀರು ಹೊತ್ತ ಸೊಂಟಗಳು. ಹೆರಿಗೆಗಳ ಬಳಿಕ ಗರ್ಭಕೋಶ ಜಾರಿದ್ದನ್ನು, ಕೆಮ್ಮಿದರೆ ಮೂತ್ರ ತಡೆಯಲಾಗದ ಅವಸ್ಥೆಯನ್ನು ಗಂಡನಲ್ಲೂ ಹೇಳದೆ ಇಪ್ಪತ್ತು ವರ್ಷ ಸಹಿಸಿದವರಿದ್ದಾರೆ. ಇವು ಕೊಲ್ಲುವ ಕಾಯಿಲೆಗಳಲ್ಲ. ಬದುಕನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುವ ಕಾಯಿಲೆಗಳು. ಹೆಚ್ಚು ಬಾಳುವವರೇ ಹೆಚ್ಚು ಬಳಲುವುದರ ಗುಟ್ಟು ಬಹುಪಾಲು ಇಲ್ಲಿದೆ.

ಮೂರನೆಯದು ಇತರರ ದೇಹವನ್ನು ಹೊರುವ ಹೊರೆ. ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರ ಪರಿಣಾಮವನ್ನು ಎಣ್ಮಕಜೆ, ಕಾರಡ್ಕದಂಥ ಪಂಚಾಯತುಗಳು ಇಂದಿಗೂ ಅನುಭವಿಸುತ್ತಿವೆ. ಸರ್ವೋಚ್ಚ ನ್ಯಾಯಾಲಯವು 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಆ ಪಟ್ಟಿಯಲ್ಲಿ ಹೆಸರಿರುವುದು ಮಗನದೋ ಮಗಳದೋ. ಬೆಳೆದ ಮಗನನ್ನು ದಿನಕ್ಕೆ ಹಲವು ಸಲ ಎತ್ತಿ, ಮಲಗಿಸಿ, ಸ್ನಾನ ಮಾಡಿಸಿ ಬೆನ್ನು ಮುರಿದುಕೊಂಡ ತಾಯಿಯ ದೇಹ ಯಾವ ಪಟ್ಟಿಯಲ್ಲೂ ಇಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ರಾಜ್ಯದ ‘ಆಶ್ವಾಸಕಿರಣಂ’ ಯೋಜನೆ ತಿಂಗಳಿಗೊಂದು ಚಿಕ್ಕ ಮೊತ್ತ ಕೊಡುತ್ತದೆ; ಅದು ಅವಳ ಶುಶ್ರೂಷೆಗೆ ಕೊಟ್ಟ ಗೌರವಧನವೇ ಹೊರತು ಸವೆದ ಬೆನ್ನಿನ ಲೆಕ್ಕವಲ್ಲ.

ಪ್ರಶ್ನೆ ಬದಲಾದರೆ ಉತ್ತರವೂ ಬದಲು

ಈಗ ಮೊದಲಿನ ಒಗಟಿಗೆ ಬರೋಣ. ಇಷ್ಟೆಲ್ಲ ಇದ್ದೂ ವೈಕಲ್ಯದ ಲೆಕ್ಕದಲ್ಲಿ ಹೆಂಗಸರೇಕೆ ಕಡಿಮೆ?

ಒಂದಂಶ ನಿಜವಾದದ್ದೇ. ರಸ್ತೆಯಲ್ಲಿ, ಕಟ್ಟಡದ ಕೆಲಸದಲ್ಲಿ, ಯಂತ್ರಗಳ ನಡುವೆ ಕೈಕಾಲು ಕಳೆದುಕೊಳ್ಳುವವರಲ್ಲಿ ಗಂಡಸರು ಹೆಚ್ಚು. ಆದರೆ ಅಷ್ಟರಿಂದಲೇ ಅಂತರ ತುಂಬುವುದಿಲ್ಲ. 2011ರ ಗಣತಿದಾರರು ಕೇಳಿದ್ದು, ಈ ವ್ಯಕ್ತಿ ಮಾನಸಿಕವಾಗಿ ಅಥವಾ ದೈಹಿಕವಾಗಿ ಅಂಗವಿಕಲರೇ ಎಂಬ ಹೌದು-ಅಲ್ಲ ಪ್ರಶ್ನೆ. ಹೌದೆಂದರೆ ಮಾತ್ರ ಎಂಟು ಬಗೆಗಳಲ್ಲಿ ಯಾವುದೆಂದು ಗುರುತಿಸುವುದು. ‘ಅಂಗವಿಕಲೆ’ ಎಂಬ ಪದ ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಗಾಲಿಕುರ್ಚಿ, ಊರುಗೋಲು, ಕುರುಡು, ಕಿವುಡು. ನೆಲದಲ್ಲಿ ಕುಳಿತರೆ ಏಳಲು ಕೈಯಾಸರೆ ಬೇಕಾದ ಅರುವತ್ತರ ಅತ್ತೆಯನ್ನು ಆ ಪದದಿಂದ ಯಾರೂ ಕರೆಯುವುದಿಲ್ಲ. ಮದುವೆಯಾಗಬೇಕಾದ ಮಗಳಿರುವ ಮನೆಯಲ್ಲಂತೂ ಆ ಪದಕ್ಕೆ ‘ಹೌದು’ ಎನ್ನಲು ಧೈರ್ಯ ಬೇಕು.

ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಕೇಳಬಹುದು. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗದ ಆಶ್ರಯದಲ್ಲಿ 2001ರಲ್ಲಿ ರೂಪುಗೊಂಡ ವಾಷಿಂಗ್ಟನ್ ಗುಂಪು ಎಂಬ ತಜ್ಞರ ಮಂಡಳಿ ಆರು ಪ್ರಶ್ನೆಗಳನ್ನು ಸಿದ್ಧಪಡಿಸಿತು. ಕನ್ನಡಕ ಹಾಕಿಯೂ ನೋಡಲು ಕಷ್ಟವೇ? ಶ್ರವಣಯಂತ್ರವಿದ್ದೂ ಕೇಳಲು ಕಷ್ಟವೇ? ನಡೆಯಲು ಅಥವಾ ಮೆಟ್ಟಿಲೇರಲು? ನೆನಪಿಟ್ಟುಕೊಳ್ಳಲು ಅಥವಾ ಗಮನ ನಿಲ್ಲಿಸಲು? ಸ್ವತಃ ಸ್ನಾನ ಮಾಡಲು, ಬಟ್ಟೆ ಉಡಲು? ಮಾತನ್ನು ತಿಳಿಸಲು, ತಿಳಿಯಲು? ಉತ್ತರಕ್ಕೆ ನಾಲ್ಕು ಮೆಟ್ಟಿಲುಗಳು: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ಸಾಧ್ಯವೇ ಇಲ್ಲ. ಇಲ್ಲಿ ‘ಅಂಗವೈಕಲ್ಯ’ ಎಂಬ ಪದವೇ ಬರುವುದಿಲ್ಲ.

ಹೀಗೆ ದಿನನಿತ್ಯದ ಕಷ್ಟಗಳನ್ನು ಬಿಡಿಬಿಡಿಯಾಗಿ ಕೇಳಿದಾಗ ಚಿತ್ರ ತಿರುಗುಮುರುಗಾಗುತ್ತದೆ. 2002–04ರಲ್ಲಿ 59 ದೇಶಗಳ ಪ್ರಾಯಸ್ಥರನ್ನು ಕೇಳಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಲೆಕ್ಕ 2011ರ ಅದರ ಅಂಗವೈಕಲ್ಯ ವರದಿಯಲ್ಲಿದೆ: ಗಂಡಸರಲ್ಲಿ ಶೇಕಡಾ 12.0, ಹೆಂಗಸರಲ್ಲಿ ಶೇಕಡಾ 19.2. ನಮ್ಮಲ್ಲೇ 45 ದಾಟಿದ 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2017–18ರಲ್ಲಿ ವಿಚಾರಿಸಿದಾಗಲೂ ನಡೆಯಲು, ಏಳಲು, ಸ್ನಾನಕ್ಕೆ, ಸಾಮಾನು ಎತ್ತಲು ಕಷ್ಟಪಡುವವರಲ್ಲಿ ಹೆಂಗಸರೇ ಹೆಚ್ಚಾಗಿ ಕಂಡುಬಂದರು.

ಪ್ರಶ್ನೆಯಷ್ಟೇ ಮುಖ್ಯವಾದದ್ದು ಉತ್ತರಿಸುವವರು ಯಾರೆಂಬುದು. ಜನಗಣತಿಯಲ್ಲಿ ಮನೆಯ ಯಜಮಾನನೋ, ಆ ಹೊತ್ತಿಗೆ ಮನೆಯಲ್ಲಿದ್ದ ಪ್ರಾಯಸ್ಥರೊಬ್ಬರೋ ಎಲ್ಲರ ಪರವಾಗಿ ಉತ್ತರ ಕೊಡುತ್ತಾರೆ. 1872ರ ಸಾಕ್ಷ್ಯ ಅಧಿನಿಯಮದ 60ನೇ ಕಲಮು, ಮೌಖಿಕ ಸಾಕ್ಷ್ಯವು ಎಲ್ಲ ಸಂದರ್ಭಗಳಲ್ಲೂ ನೇರವಾದದ್ದಾಗಿರಬೇಕೆಂದು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಕಂಡವರು ಕಂಡದ್ದನ್ನು, ಕೇಳಿದವರು ಕೇಳಿದ್ದನ್ನು, ಅನುಭವಿಸಿದವರು ಅನುಭವಿಸಿದ್ದನ್ನು ಹೇಳಬೇಕು. ಹತ್ತು ಸೆಂಟ್ಸ್ ಜಾಗದ ಗಡಿತಕರಾರಿನಲ್ಲಿ ಕೂಡ ಇನ್ನೊಬ್ಬರ ಬಾಯಿಂದ ಕೇಳಿದ ಮಾತನ್ನು ನ್ಯಾಯಾಲಯ ಒಪ್ಪದು. ಹೆಂಡತಿಯ ಬೆನ್ನುನೋವಿನ ವಿಚಾರದಲ್ಲಿ ಮಾತ್ರ ಗಂಡನ ಮಾತೇ ದಾಖಲೆಯಾಗುತ್ತದೆ. ಅವಳು ಬೆಳಿಗ್ಗೆ ದೋಸೆ ಹೊಯ್ದಿದ್ದಾಳೆ, ಹಟ್ಟಿಯ ಕೆಲಸ ಮುಗಿಸಿದ್ದಾಳೆ. ಆದ್ದರಿಂದ ಅವಳಿಗೇನೂ ಇಲ್ಲವೆಂದು ಅವನು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಅವಳನ್ನೇ ಕೇಳಿದರೂ ನಮ್ಮ ಕಡೆಯ ಮಾಮೂಲಿ ಉತ್ತರ ಒಂದುಂಟು: ‘ಅಡ್ಡಿಯಿಲ್ಲ.’ ಗಂಡಸು ಸಂಬಳದ ಕೆಲಸ ಬಿಟ್ಟು ಕುಳಿತರೆ ಮನೆಯೆಲ್ಲ ಅದನ್ನು ಅಸ್ವಾಸ್ಥ್ಯವೆಂದು ಗುರುತಿಸುತ್ತದೆ. ಮನೆಗೆಲಸಕ್ಕೆ ನಿವೃತ್ತಿಯಿಲ್ಲದ್ದರಿಂದ ಅದನ್ನು ಮಾಡುವವಳ ಅಶಕ್ತಿಗೆ ಗುರುತೂ ಇಲ್ಲ.

ಕಾನೂನಿನ ಅಗಲ ಮತ್ತು ಅರ್ಹತೆಯ ಬಾಗಿಲು

2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016, ಈ ವಿಚಾರದಲ್ಲಿ ಉದಾರವಾದ ವ್ಯಾಖ್ಯೆಯೊಂದಿಗೆ ಹೊರಡುತ್ತದೆ. ದೀರ್ಘಕಾಲದ ಊನವು ಸುತ್ತಲಿನ ಅಡ್ಡಿಗಳೊಂದಿಗೆ ಸೇರಿ, ಇತರರ ಸಮಾನವಾಗಿ ಸಮಾಜದಲ್ಲಿ ಭಾಗವಹಿಸಲು ತಡೆಯಾದರೆ ಅವರು ವಿಕಲಚೇತನರು. ಊನವು ದೇಹದಲ್ಲಿ ಮಾತ್ರವಿಲ್ಲ, ಮೆಟ್ಟಿಲಲ್ಲಿ, ಬಸ್ಸಿನ ಎತ್ತರದಲ್ಲಿ, ಕಚೇರಿಯ ವರ್ತನೆಯಲ್ಲೂ ಇದೆಯೆಂದು ಶಾಸನವೇ ಒಪ್ಪಿಕೊಂಡಿತು. ಹಿಂದೆ ಏಳಿದ್ದ ವರ್ಗಗಳು 21 ಆದವು. 4ನೇ ಕಲಮು ವಿಕಲಚೇತನ ಮಹಿಳೆಯರು ಇತರರ ಸಮಾನವಾಗಿ ಹಕ್ಕುಗಳನ್ನು ಅನುಭವಿಸುವಂತೆ ನೋಡಿಕೊಳ್ಳುವ ಕರ್ತವ್ಯವನ್ನು ಸರಕಾರದ ಮೇಲೆ ಹೊರಿಸಿತು. ಬಡತನ ನಿವಾರಣಾ ಯೋಜನೆಗಳಲ್ಲಿ ಶೇಕಡಾ 5 ಮೀಸಲಾತಿಯನ್ನು ವಿಧಿಸುವ 37ನೇ ಕಲಮು, ಅದರಲ್ಲೂ ಮಹಿಳೆಯರಿಗೆ ಆದ್ಯತೆ ನೀಡಿತು.

ಆದರೆ ಮೀಸಲಾತಿಯಂಥ ಮುಖ್ಯ ಸೌಲಭ್ಯಗಳ ಬಾಗಿಲು ತೆರೆಯುವುದು ಶೇಕಡಾ 40 ಅಥವಾ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕವರಿಗೆ ಮಾತ್ರ. ಆ ಶೇಕಡಾವಾರು ಅಳೆಯುವುದು ನಿಗದಿತ ವರ್ಗಗಳಲ್ಲಿ. ರಕ್ತಹೀನತೆ ಅಲ್ಲಿಲ್ಲ, ಗರ್ಭಕೋಶ ಜಾರಿದ್ದು ಇಲ್ಲ, ಮೂತ್ರ ತಡೆಯಲಾಗದ ಸ್ಥಿತಿ ಇಲ್ಲ. ಸಂಧಿವಾತಕ್ಕೆ ಹೆಸರಾಗಿ ಸ್ಥಾನವಿಲ್ಲ. ಕೀಲುಗಳು ಬಗ್ಗದ ಮಟ್ಟಕ್ಕೆ ಬಂದಾಗ ಚಲನಾಂಗದ ವೈಕಲ್ಯವಾಗಿ ಅದನ್ನು ಅಳೆಯಬಹುದು. ಗಂಡಸರ ವೈಕಲ್ಯ ಹೆಚ್ಚಾಗಿ ಒಂದೇ ದಿನದಲ್ಲಿ, ಒಂದು ಅಪಘಾತದಲ್ಲಿ ಸಂಭವಿಸುತ್ತದೆ. ಅದಕ್ಕೆ ತಾರೀಕು, ಆಸ್ಪತ್ರೆಯ ಚೀಟಿ, ಪೋಲಿಸ್ ದಾಖಲೆ ಇರುತ್ತವೆ. ಹೆಂಗಸರದು ಮೂವತ್ತು ವರ್ಷಗಳ ಸವೆತ, ಅದಕ್ಕೆ ತಾರೀಕಿಲ್ಲ. ತಾರೀಕಿಲ್ಲದ್ದನ್ನು ನಂಬುವುದು ಕಚೇರಿಗಳಿಗೆ ಕಷ್ಟ.

ಶೇಕಡಾವಾರೇ ಸರ್ವಸ್ವವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಬೇರೊಂದು ಸಂದರ್ಭದಲ್ಲಿ ಸ್ಪಷ್ಟಪಡಿಸಿದೆ. ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ಮೋಟಾರು ಅಪಘಾತದ ಮೊಕದ್ದಮೆಯಲ್ಲಿ, 2010ರ ಅಕ್ಟೋಬರಿನಲ್ಲಿ, ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಬರೆದ ತೀರ್ಪು ವೈದ್ಯರು ಹೇಳುವ ವೈಕಲ್ಯಕ್ಕೂ ಅದರಿಂದಾಗುವ ದುಡಿಮೆಯ ನಷ್ಟಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತದೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು. ಅದೇ ನಷ್ಟ ಸರಕಾರಿ ಗುಮಾಸ್ತನ ನೌಕರಿಯನ್ನು ಕಸಿಯದಿರಬಹುದು. ಕೇಳಬೇಕಾದ ಪ್ರಶ್ನೆ, ಈ ದೇಹದಿಂದ ಈ ವ್ಯಕ್ತಿ ತನ್ನ ಕೆಲಸವನ್ನು ಮಾಡಬಲ್ಲನೇ ಎಂಬುದು.

ಆ ಪ್ರಶ್ನೆಯನ್ನು ಗೃಹಿಣಿಯ ಬಗ್ಗೆ ಕೇಳಬೇಕಾದರೆ ಅವಳು ಮಾಡುವುದು ಕೆಲಸವೆಂದು ಮೊದಲು ಒಪ್ಪಬೇಕು. 2010ರ ಅರುಣ್‌ಕುಮಾರ್ ಅಗರವಾಲ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎ. ಕೆ. ಗಂಗೂಲಿ ಅವರು, 2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳ ಸಾಲಿನಲ್ಲಿ ದುಡಿಯದವರೆಂದು ಸೇರಿಸಿದ್ದನ್ನು ಕಟುವಾಗಿ ಆಕ್ಷೇಪಿಸಿದರು. 2021ರ ಜನವರಿ 5ರ ಕೀರ್ತಿ ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಮೇಲೆ ಹೇಳಿದ 299 ಮತ್ತು 97 ನಿಮಿಷಗಳ ಲೆಕ್ಕವನ್ನೇ ಉದ್ಧರಿಸಿ, ಗೃಹಿಣಿಯ ದುಡಿಮೆಗೆ ಆದಾಯ ನಿಗದಿಪಡಿಸುವುದು ಆ ದುಡಿಮೆಗೆ ಸಲ್ಲುವ ಮನ್ನಣೆಯೆಂದರು. ಅಪಘಾತದ ನ್ಯಾಯಮಂಡಳಿಗಳಲ್ಲಿ ಗೃಹಿಣಿಯ ಕೈಗೆ ಬೆಲೆ ಬಂದಿದೆ. ಅಪಘಾತವಾಗದೆ ಸವೆದ ಕೈಗೆ ಇನ್ನೂ ಬಂದಿಲ್ಲ.

ಯಾವ ಭಾಷೆಯಲ್ಲಿ ನರಳುವುದು?

ಗಡಿಯಾಚೆಯ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ನೋವನ್ನು ಮನುಷ್ಯರು ಹೇಳುವುದು ತಾಯ್ನುಡಿಯಲ್ಲಿ. ಸೊಂಟ ಹಿಡಿದಿದೆ, ಕಾಲು ಸೆಳೆಯುತ್ತದೆ, ತಲೆ ಧಿಂ ಎನ್ನುತ್ತದೆ, ಬಿಳಿ ಹೋಗುತ್ತದೆ ಎಂಬ ಮಾತುಗಳನ್ನು ಎರಡನೆಯ ಭಾಷೆಗೆ ತಿರುಗಿಸುವಾಗ ಅರ್ಧ ಉದುರಿಹೋಗುತ್ತದೆ. ಪೇಟೆಗೆ ಹೋಗಿ ಬಂದು, ವ್ಯಾಪಾರ ಮಾಡಿ, ಕಚೇರಿ ಹತ್ತಿ ಇಳಿದು ನಮ್ಮ ಗಂಡಸರಿಗೆ ಮಲಯಾಳ ಬಂದಿರುತ್ತದೆ. ಮನೆ, ತೋಟ, ಭಜನಾ ಮಂದಿರಗಳ ನಡುವೆ ಕನ್ನಡ ತುಳುಗಳಲ್ಲೇ ಬಾಳಿದ ಹಿರಿಯ ಹೆಂಗಸರಿಗೆ ಅಷ್ಟು ಬಂದಿರುವುದಿಲ್ಲ. ವೈದ್ಯಕೀಯ ಮಂಡಳಿಯ ಮುಂದೆ ಅವರ ಪರವಾಗಿ ಮಗ ಮಾತಾಡುತ್ತಾನೆ. ತಾಯಿ ಮಗನ ಮುಂದೆ ಹೇಳಲಾರದ್ದು ಮಂಡಳಿಗೆ ತಲುಪುವುದೇ ಇಲ್ಲ. ಜತ್ತ, ಅಕ್ಕಲಕೋಟೆಗಳಲ್ಲಿ ಮರಾಠಿಯ ಎದುರು, ತಾಳವಾಡಿಯಲ್ಲಿ ತಮಿಳಿನ ಎದುರು ನಮ್ಮ ಅಕ್ಕತಂಗಿಯರ ಅವಸ್ಥೆ ಇದಕ್ಕಿಂತ ಭಿನ್ನವಾಗಿರಲಾರದು.

ಸಂವಿಧಾನದ 350ನೇ ವಿಧಿ ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಶಾಲೆ, ಅರ್ಜಿ ನಮೂನೆ, ನಾಮಫಲಕಗಳಿಗಾಗಿ ನಾವು ಇದನ್ನು ಹಲವು ಸಲ ಎತ್ತಿ ಹಿಡಿದಿದ್ದೇವೆ. ಒಬ್ಬಾಕೆಯ ದೇಹದ ನೋವಿಗಿಂತ ದೊಡ್ಡ ಕುಂದುಕೊರತೆ ಯಾವುದಿದೆ? ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯನ್ನು ಪ್ರಮಾಣಪತ್ರದ ಶಿಬಿರಗಳಿಗೆ ಕರೆಸಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯವಾಗಲಿ. ಭಾಷಾ ಹೋರಾಟದ ಪಟ್ಟಿಗೆ ಇದೂ ಸೇರಲಿ.

ಮಾಡಬಹುದಾದದ್ದು

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1 ಎಂದು 2025ರ ಜೂನ್‌ನಲ್ಲಿ ಅಧಿಸೂಚನೆಯಾಗಿದೆ. ಗಣತಿದಾರರು ಬಂದಾಗ ಮನೆಯ ಪ್ರತಿಯೊಬ್ಬ ಪ್ರಾಯಸ್ಥ ಹೆಂಗಸೂ ತನ್ನ ದೇಹದ ವಿಚಾರವನ್ನು ತಾನೇ ಹೇಳಲಿ. ಯಜಮಾನರು ಆ ಒಂದು ಪ್ರಶ್ನೆಯ ಹೊತ್ತಿಗಾದರೂ ಒಳಗಿರುವವರನ್ನು ಜಗಲಿಗೆ ಕರೆಯಲಿ. ಕೇಳುವ ಮುನ್ನ ಆರು ಪ್ರಶ್ನೆಗಳನ್ನು ಮನೆಯೊಳಗೇ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು: ಕಣ್ಣು, ಕಿವಿ, ನಡಿಗೆ, ನೆನಪು, ಸ್ವಂತ ಆರೈಕೆ, ಮಾತು. ‘ತುಂಬ ಕಷ್ಟ’ ಎಂಬ ಉತ್ತರ ಒಂದಕ್ಕೆ ಬಂದರೂ ಅದು ವೈದ್ಯರನ್ನು ಕಾಣಬೇಕಾದ, ಗಣತಿದಾರರಿಗೆ ತಿಳಿಸಬೇಕಾದ ವಿಷಯ.

ಪ್ರಮಾಣಪತ್ರಕ್ಕೂ ಯುಡಿಐಡಿ ಗುರುತುಚೀಟಿಗೂ ಅರ್ಜಿ ಹಾಕುವವರು ಹಳೆಯ ಚೀಟಿ, ಎಕ್ಸ್‌ರೇ, ಔಷಧಿಯ ಪಟ್ಟಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಬೇಕು. ತಾರೀಕಿಲ್ಲದ ಸವೆತಕ್ಕೆ ತಾರೀಕು ಕೊಡುವ ದಾರಿ ಅದೊಂದೇ. ವೈದ್ಯರಲ್ಲಿ ‘ಮಂಡಿನೋವು’ ಎಂದಷ್ಟೇ ಹೇಳದೆ, ಎಷ್ಟು ದೂರ ನಡೆಯಲಾಗುತ್ತದೆ, ಎಷ್ಟು ಮೆಟ್ಟಿಲು ಏರಲಾಗುತ್ತದೆ, ನೆಲದಿಂದ ಏಳಲು ಯಾರ ಸಹಾಯ ಬೇಕು ಎಂದು ವಿವರಿಸಬೇಕು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವ ಹಕ್ಕಿದೆ. 2016ರ ಅಧಿನಿಯಮದ 59ನೇ ಕಲಮಿನಂತೆ ಆ ನಿರ್ಧಾರದ ವಿರುದ್ಧ ಮೇಲ್ಮನವಿಗೂ ಅವಕಾಶವಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ವಿಕಲಚೇತನರಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ಇದನ್ನು ತಿಳಿದವರು ನಮ್ಮ ಊರುಗಳಲ್ಲಿ ಕಡಿಮೆ. ಓದಿದವರು ನೆರೆಮನೆಗೆ ತಿಳಿಸಬೇಕು.

ಇಷ್ಟರಿಂದ ರಕ್ತಹೀನತೆ ಮಾಯವಾಗದು, ಸವೆದ ಕೀಲು ಮರಳಿ ಬರದು. ಆದರೆ ಹೇಳಿದ್ದು ದಾಖಲಾಗುತ್ತದೆ, ದಾಖಲಾದದ್ದನ್ನು ಸರಕಾರದ ಮುಂದೆ, ನ್ಯಾಯಾಲಯದ ಮುಂದೆ ಇಡಬಹುದು. ದಾಖಲೆಯಿಲ್ಲದ ಮೊಕದ್ದಮೆಯನ್ನು ಎಷ್ಟು ಸಮರ್ಥ ವಕೀಲನೂ ಗೆಲ್ಲಲಾರ. ಶಾಸನವು ಸುತ್ತಲಿನ ಅಡ್ಡಿಗಳನ್ನು ತೆಗೆಯುತ್ತೇನೆಂದು ಮಾತು ಕೊಟ್ಟಿದೆ. ಯಾವ ಅಡ್ಡಿ ಎಲ್ಲಿದೆಯೆಂದು ತಿಳಿಸಬೇಕಾದವರು ‘ಅಡ್ಡಿಯಿಲ್ಲ’ ಎನ್ನುವುದನ್ನು ಇನ್ನಾದರೂ ಬಿಡಬೇಕು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವುದನ್ನು ಮಿಕ್ಕವರು ಕಲಿಯಬೇಕು.